ಒಂದು ಪಾವು ಮೈದಾ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಎಲ್ಲರಿಗೂ ಸದಾ ಸುಸ್ತು. ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದರು. ಗ್ಯಾಂಗ್‌ಮನ್ ಎಂದರೆ ರೈಲು ಹಳಿಗಳನ್ನು ನೋಡಿಕೊಳ್ಳುವವರು, ಮಕ್ಕಳೇ. ಹೆಗಲ ಮೇಲೆ ಭಾರದ ಸುತ್ತಿಗೆ ಹೊತ್ತುಕೊಂಡು, ಬಿಸಿಲಾಗಲಿ ಚಳಿಯಾಗಲಿ, ಜಲ್ಲಿಕಲ್ಲಿನ ಮೇಲೆ ಮೈಲಿಗಟ್ಟಲೆ ನಡೆಯುತ್ತಿದ್ದರು. ಸಂಜೆ ಬಂದು ಗೋಡೆಗೆ ಒರಗಿದರೆಂದರೆ ಅವರನ್ನು ಊಟಕ್ಕೆ ಎಬ್ಬಿಸುವುದೇ ಒಂದು ಕೆಲಸ. ಅಕ್ಕ ಬೆಳಗಿನಿಂದ ಕತ್ತಲಾಗುವವರೆಗೆ ಕಾಲು ಚಾಚಿ ಕೂತು ಊದುಬತ್ತಿ ಹೊಸೆಯುತ್ತಿದ್ದಳು. ಅವಳ ಅಂಗೈ ಕಪ್ಪಾಗಿ, ಮನೆಯೆಲ್ಲ ಗಂಧದ ಪುಡಿಯ ಘಾಟಾಗಿ, ನಾವು ತಿನ್ನುವ ಮುದ್ದೆಗೂ ದೇವರ ಮನೆಯ ವಾಸನೆ ಹತ್ತಿಕೊಂಡಿತ್ತು. ನನಗೆ ಹತ್ತು ವರ್ಷ. ನನಗೂ ಸುಸ್ತೇ. ಆದರೆ ನನ್ನ ಸುಸ್ತನ್ನು ಯಾರೂ ಕೇಳುತ್ತಿರಲಿಲ್ಲ.

ಕೃಷ್ಣರಾಜಪುರದ ಸ್ಟೇಷನ್ನಿನ ಹಿಂದೆ ಎರಡು ಕೋಣೆಯ ಮನೆ ನಮ್ಮದು. ಅಮ್ಮ ನನಗೆ ನೆನಪಿಲ್ಲ. ನಾನು ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡರಂತೆ. ನನ್ನನ್ನು ಸಾಕಿದವಳು ಅಕ್ಕ. ತಲೆ ಬಾಚಿದವಳು, ಜ್ವರ ಬಂದಾಗ ಪಕ್ಕದಲ್ಲಿ ಕೂತವಳು, ಹಟ ಮಾಡಿದಾಗ ಬೆನ್ನಿಗೆ ಗುದ್ದಿದವಳು ಎಲ್ಲ ಅವಳೇ. ಅವಳಿಗೆ ಆಗ ಹದಿನೇಳು.

ಆ ವರ್ಷ ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ, ನಮ್ಮ ಅಕ್ಕನಿಗೆ ಮುಳಬಾಗಿಲು ಕಡೆಯ ಒಂದು ಗಂಡು ಹುಡುಕಿದ್ದರು. ಅಕ್ಕ ಅತ್ತಳು. "ಇನ್ನೊಂದ್ ವರ್ಷ ಬಿಡಪ್ಪಾ, ನಂಗೆ ಇನ್ನೂ ಬೇಡ" ಎಂದಳು. ಅಪ್ಪ ಕೆಟ್ಟವರಲ್ಲ. ಆದರೆ ದಣಿದ ಮನುಷ್ಯನಿಗೆ ಯಾರು ಮೊದಲು ದಾರಿ ತೋರಿಸುತ್ತಾರೋ ಅದೇ ದಾರಿ ಸರಿ ಅನ್ನಿಸಿಬಿಡುತ್ತದೆ. "ಎಲ್ಲಾದ್ರೂ ಒಂದು ಸರಿಯಾದ ಕೆಲ್ಸ ಅಂತ ಸಿಕ್ಕಿದ್ರೆ ಅತ್ತೆಗೆ ಈಗ್ಲೇ ಬೇಡ ಅಂತ ನಾನು ಹೇಳ್ತೀನಿ. ಸಿಗ್ಲಿಲ್ಲ ಅಂದ್ರೆ ಗಂಡಿನೋರು ಹೆಣ್ಣು ನೋಡೋಕೆ ಬರ್ಲಿ" ಎಂದರು.

ಅಕ್ಕ ಹೊಸೆದ ಊದುಬತ್ತಿಯ ಕಟ್ಟುಗಳನ್ನು ವಾರಕ್ಕೊಮ್ಮೆ ಶಿವಾಜಿನಗರಕ್ಕೆ ಕೊಂಡೊಯ್ದು ಕೊಡಬೇಕಿತ್ತು. ಆ ಅಂಗಡಿಯ ಪಕ್ಕದಲ್ಲಿ ಒಂದು ಬೇಕರಿ. ಅಲ್ಲಿಯ ಮಾಸ್ತರು ವಯಸ್ಸಾದವರು, ದಖ್ಖನಿ ಉರ್ದು ಮಾತಾಡುವವರು, ಹುಬ್ಬಿನ ಮೇಲೆಲ್ಲ ಮೈದಾ. ಕ್ರಿಸ್‌ಮಸ್ ಹತ್ತಿರವಾಗುತ್ತಿತ್ತು, ಅವರಿಗೆ ಕೇಕಿನ ಮೇಜಿಗೆ ಒಬ್ಬರು ಬೇಕಾಗಿತ್ತು. ಅಕ್ಕ ಅದು ಹೇಗೆ ಧೈರ್ಯ ಮಾಡಿದಳೋ, ಹೋಗಿ ಕೇಳಿಬಿಟ್ಟಳು. ಅವರು ಅವಳ ಕಪ್ಪು ಕೈ ನೋಡಿ ನಗಲಿಲ್ಲ. "ಒಂದು ಸಾದಾ ಕೇಕ್ ಮನೆಲಿ ಮಾಡ್ಕೊಂಡು ಬಾ ಮಾ. ಮೇಲೆ ಚಪ್ಪಟೆ ಇರ್ಬೇಕು, ನಡುವೆ ಕೂತ್ಕೋಬಾರ್ದು. ನೋಡಿ ಹೇಳ್ತೀನಿ" ಎಂದರು. ಮಾಡುವುದು ಹೇಗೆ ಎಂದು ಕೇಳಿದ್ದಕ್ಕೆ ಬೆರಳು ಮಡಚಿ ಹೇಳಿದರು: "ಮೈದಾ ಏಕ್ ಪಾವ್. ಶಕ್ಕರ್ ಏಕ್ ಪಾವ್. ಮಸ್ಕಾ ಏಕ್ ಪಾವ್. ಮೊಟ್ಟೆ ನಾಲ್ಕು. ಚಿಟಿಕೆ ಸೋಡ. ಬಸ್. ಬಾಕಿದೆಲ್ಲ ಕೈಗೆ ಬರ್ಬೇಕು, ಬಾಯಲ್ಲಿ ಹೇಳಿದ್ರೆ ಬರಲ್ಲ." ಶಕ್ಕರ್ ಸಕ್ಕರೆ, ಮಸ್ಕಾ ಬೆಣ್ಣೆ, ಅದು ನಮಗೆ ಗೊತ್ತಿತ್ತು. ಪಾವು ಗೊತ್ತಿಲ್ಲದೆ ಇರುತ್ತದೆಯೇ? ಅಕ್ಕಿ ಅಳೆಯುವ, ಅಮ್ಮನ ಕಾಲದ ಹಿತ್ತಾಳೆಯ ಪಾವು ನಮ್ಮ ಮನೆಯಲ್ಲೇ ಇತ್ತು. ಲೋಟದಂಥ ಒಂದು ಅಳತೆ, ನಾಲ್ಕು ಪಾವು ಸೇರಿದರೆ ಒಂದು ಸೇರು.

ನಮ್ಮಲ್ಲಿ ಅವನ್ ಇರಲಿಲ್ಲ. ಇದ್ದಿಲು ಒಲೆಯ ಮೇಲೆ ಅಗಲವಾದ ಬೋಗುಣಿ ಇಟ್ಟು, ಅದಕ್ಕೆ ಮರಳು ಸುರಿದು, ಮರಳು ಕಾದ ಮೇಲೆ ಹಿಟ್ಟಿನ ಡಬ್ಬಿಯನ್ನು ಅದರಲ್ಲಿ ಕೂರಿಸಿ, ಮೇಲೆ ತಟ್ಟೆ ಮುಚ್ಚಿ, ತಟ್ಟೆಯ ಮೇಲೂ ಕೆಂಡ ಹಾಕಬೇಕಿತ್ತು. ಮೊದಲ ಭಾನುವಾರದ ಕೇಕು ತಳ ಸೀದು ಕರಿಕಲಾಯಿತು, ಮರಳು ಸಾಲದಾಗಿತ್ತು. ಎರಡನೆಯದು ಹಸಿ ಉಳಿಯಿತು, ನಾನು ಎರಡು ನಿಮಿಷಕ್ಕೊಮ್ಮೆ ತಟ್ಟೆ ಎತ್ತಿ ಇಣುಕುತ್ತಿದ್ದೆ. ಮೂರನೆಯದರಲ್ಲಿ ಸಕ್ಕರೆ ಹಲ್ಲಿಗೆ ಸಿಕ್ಕಿತು. ಬೆಣ್ಣೆಯ ಜೊತೆ ಅಂಗೈಯಲ್ಲಿ ಉಜ್ಜಿ ಉಜ್ಜಿ, ಎರಡು ಬೆರಳ ನಡುವೆ ಹಿಡಿದು ನೋಡಿದರೆ ಒಂದು ಹರಳೂ ಸಿಗಬಾರದು ಎಂದು ಆಮೇಲೆ ತಿಳಿಯಿತು. ಹಾಡುತ್ತಾ ಹಾಡುತ್ತಾ ರಾಗ, ನರಳುತ್ತಾ ನರಳುತ್ತಾ ರೋಗ ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಎರಡೂ ಒಟ್ಟಿಗೇ ನಡೆಯುತ್ತಿತ್ತು. ಅಕ್ಕ ರಟ್ಟೆ ಹಿಡಿದುಕೊಂಡು ನರಳುತ್ತಲೇ ಕಲಿತಳು.

ನಾಲ್ಕನೆಯದರ ಹೊತ್ತಿಗೆ ಸೀಯುವುದು, ಹಸಿಯಾಗುವುದು, ಹರಳು ಉಳಿಯುವುದು ಎಲ್ಲ ನಿಂತಿದ್ದವು. ಕುಸಿಯುವುದೊಂದು ಮಾತ್ರ ನಿಲ್ಲಲಿಲ್ಲ. ನಾಲ್ಕೂ ಕೇಕು ಒಲೆಯ ಮೇಲೆ ಚೆನ್ನಾಗಿ ಉಬ್ಬುತ್ತಿದ್ದವು. ಕೆಳಗಿಳಿಸಿದ ಮೇಲೆ ನಿಧಾನವಾಗಿ, ನಮ್ಮ ಕಣ್ಣ ಮುಂದೆಯೇ, ನಿಟ್ಟುಸಿರು ಬಿಟ್ಟ ಹಾಗೆ ನಡುವೆ ತಗ್ಗಿಬಿಡುತ್ತಿದ್ದವು. ಕೇಕಿಗೂ ನಮ್ಮ ಮನೆಯ ಸುಸ್ತು ಅಂಟಿಕೊಂಡಿದೆ ಎಂದು ನಾನು ನಂಬಿದ್ದೆ. ಅಪ್ಪ ನಾಲ್ಕನೆಯದನ್ನು ನೋಡಿ, "ಇದೇನಮ್ಮ, ಕೇಕಾ, ಹಲಸೂರು ಕೆರೆನಾ? ನೀರ್ ಬಿಟ್ರೆ ಬಾತುಕೋಳಿ ಈಜ್ತವೆ" ಎಂದರು. ನಾನು ನಕ್ಕೆ. ಅಕ್ಕ ನಗಲಿಲ್ಲ. ಕುಸಿದ ಕೇಕುಗಳನ್ನು ನಾವು ಎಸೆಯುತ್ತಿರಲಿಲ್ಲ. ವಾರವಿಡೀ ತಿನ್ನುತ್ತಿದ್ದೆವು. ಜಿಡ್ಡು ಜಿಡ್ಡಾಗಿ ಗಂಟಲಿಗೆ ಅಂಟುತ್ತಿತ್ತು.

ನಾನು ಹೇಳಹೊರಟಿದ್ದು ಐದನೆಯ ಭಾನುವಾರದ ಕಥೆ. ಮಾಸ್ತರು ಆ ದಿನ ಸಂಜೆ ಐದರವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರನ್ನು ಇಟ್ಟುಕೊಳ್ಳುತ್ತೇನೆ ಎಂದಿದ್ದರು. ಮುಳಬಾಗಿಲಿನವರು ಮಂಗಳವಾರ ಬರುವುದೆಂದು ಅತ್ತೆ ಹೇಳಿ ಕಳಿಸಿದ್ದರು. ಮನೆಯಲ್ಲಿದ್ದದ್ದು ನಾಲ್ಕೇ ಮೊಟ್ಟೆ. ಈ ಕೇಕು ಕುಸಿದರೆ ಅಕ್ಕ ಹೋಗುತ್ತಾಳೆ ಎಂದು ನನಗೆ ಗೊತ್ತಿತ್ತು.

ಒಲೆ ಹಚ್ಚುವ ಮೊದಲು ಡಬ್ಬಿ ತೆಗೆದು ನೋಡಿದರೆ ಮೈದಾ ಇಲ್ಲ. ತಳದಲ್ಲಿ ಒಂದು ಹಿಡಿ, ಅದರಲ್ಲೂ ಹುಳು. ಅಕ್ಕ ನನ್ನ ಮೇಲೆ ರೇಗಿದಳು. "ನಿನ್ನೆನೇ ನೋಡಿ ಹೇಳೋಕ್ಕೇನಾಗಿತ್ತು? ಓಡು, ಒಂದ್ ಪಾವು ಮೈದಾ ತಗೊಂಬಾ." ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮಾರ್ಕೆಟ್ ಬೀದಿಯ ಭಾಯಿ ಅಂಗಡಿಗೆ ಓಡಿದೆ. ಡಿಸೆಂಬರ್ ತಿಂಗಳ ಮಂಜು ಇನ್ನೂ ಬಿಟ್ಟಿರಲಿಲ್ಲ, ಬರಿಗಾಲಿಗೆ ರಸ್ತೆ ಮಂಜುಗಡ್ಡೆಯಾಗಿತ್ತು. "ಒಂದ್ ಪಾವು ಮೈದಾ" ಎಂದೆ. ಭಾಯಿ ತಕ್ಕಡಿ ಎತ್ತಿ ತೂಗಿ, ಪೇಪರಿನಲ್ಲಿ ಪೊಟ್ಟಣ ಕಟ್ಟಿ ಕೊಟ್ಟರು.

ಮನೆಗೆ ಬಂದು ಪೊಟ್ಟಣವನ್ನು ಹಿತ್ತಾಳೆ ಪಾವಿಗೆ ಸುರಿದೆ. ಪಾವು ತುಂಬಿತು. ಪೊಟ್ಟಣದಲ್ಲಿ ಹಿಟ್ಟು ಇನ್ನೂ ಇತ್ತು. ಸುರಿಯುತ್ತಾ ಹೋದೆ, ಪಾವಿನ ಮೇಲೆ ಗೋಪುರವಾಗಿ, ಗೋಪುರ ಜಾರಿ ನೆಲಕ್ಕೆ ಬಿತ್ತು.

"ಒಂದ್ ಪಾವು ಅಂದ್ರೆ ಒಂದೂಮುಕ್ಕಾಲು ತಂದಿದೀಯಲ್ಲೇ!" ಎಂದಳು ಅಕ್ಕ.

"ನಾನ್ ಒಂದೇ ಕೇಳಿದ್ದು. ಅವ್ರೇ ಜಾಸ್ತಿ ಹಾಕಿದಾರೆ."

ಬೇರೆ ಯಾರಾದರೂ ಆಗಿದ್ದರೆ ಲಾಭವಾಯಿತು ಎಂದು ಸುಮ್ಮನಿರುತ್ತಿದ್ದರು. ನಮ್ಮ ಅಕ್ಕನ ನ್ಯಾಯ ಬೇರೆ. "ಪಾಪ, ವಯಸ್ಸಾಗಿದೆ, ಕಣ್ ಕಾಣ್ಸಿಲ್ಲ ಏನೋ. ಮಿಕ್ಕಿದ್ದು ವಾಪಸ್ ಕೊಟ್ಬಾ" ಎಂದು, ನೆಲಕ್ಕೆ ಬಿದ್ದದ್ದು ಬಿಟ್ಟು ಉಳಿದ ಹಿಟ್ಟನ್ನು ಅದೇ ಪೇಪರಿನಲ್ಲಿ ಸುತ್ತಿ ನನ್ನ ಕೈಗಿಟ್ಟಳು. ನನಗೆ ಅಳು ಬಂದಿತ್ತು. ಹೊತ್ತು ಹೋಗುತ್ತಿದೆ, ಕಾಲು ನೋಯುತ್ತಿದೆ, ಇವಳಿಗೆ ಈಗ ಧರ್ಮರಾಯನ ಅವತಾರ! ಬೈದುಕೊಳ್ಳುತ್ತಲೇ ಮತ್ತೆ ಅಂಗಡಿಗೆ ಹೋದೆ.

ಭಾಯಿ ಪೊಟ್ಟಣ ನೋಡಿದರು, ನನ್ನ ಮುಖ ನೋಡಿದರು. "ಯಾಕ್ ಮಾ, ಹುಳ ಇತ್ತಾ?"

"ಇಲ್ಲ, ನೀವು ಜಾಸ್ತಿ ಹಾಕ್ಬಿಟ್ಟಿದೀರಾ. ಅಕ್ಕ ವಾಪಸ್ ಕೊಡು ಅಂದ್ಲು."

"ಜಾಸ್ತಿ ಹೆಂಗ್ ಆಗ್ತದೆ? ನೀನು ಪಾವ್ ಕೇಳ್ದೆ, ನಾನು ಪಾವ್ ತೂಗ್ದೆ." ಅವರು ತಕ್ಕಡಿಯ ಪಕ್ಕದಿಂದ ಒಂದು ಕಬ್ಬಿಣದ ತೂಕದ ಬಟ್ಟು ಎತ್ತಿ ತೋರಿಸಿದರು. "ಪಾವ್ ಅಂದ್ರೆ ಪಾವ್ ಕಿಲೋ. ಕಾಲು ಕೆಜಿ."

"ನಮ್ಮನೆ ಪಾವು ಇಷ್ಟುದ್ದ ಇದೆ, ಹಿತ್ತಾಳೆದು" ಎಂದೆ ನಾನು, ಕೈಯಲ್ಲಿ ತೋರಿಸಿ.

ಭಾಯಿ ನಕ್ಕುಬಿಟ್ಟರು. ಅವರ ಅಂಗಡಿಯಲ್ಲೂ ಅಂಥ ಪಾವು ಇತ್ತು, ಎಣ್ಣೆ ಹಿಡಿದು ಕಪ್ಪಾದದ್ದು. ಕಾಲು ಕೆಜಿ ಸಕ್ಕರೆ ತೂಗಿ ಅದಕ್ಕೆ ಸುರಿದರು. ಅಂಚಿಗಿಂತ ಒಂದಿಷ್ಟು ಮೇಲೆ ಬಂತು, ಅಷ್ಟೇ. ಆಮೇಲೆ ಮೈದಾ ತೂಗಿ ಸುರಿದರು. ಅದು ನಮ್ಮ ಮನೆಯಲ್ಲಿ ಚೆಲ್ಲಿದ ಹಾಗೆಯೇ ಚೆಲ್ಲಿತು. "ನೋಡ್ದಾ? ಸಕ್ಕರೆ ಭಾರ, ಮೈದಾ ಹಗುರ. ಅಳೆಯೋ ಪಾವು ನಿಮ್ದು, ತೂಗೋ ಪಾವ್ ನಮ್ದು. ಹೆಸರು ಒಂದೇ, ಮಾಲು ಬೇರೆ."

ಮಕ್ಕಳೇ, ಆ ಕ್ಷಣ ನನ್ನ ಕಿವಿ ಬಿಸಿಯಾದದ್ದು ನನಗೆ ಇಂದಿಗೂ ನೆನಪಿದೆ. ನಾಲ್ಕು ಭಾನುವಾರವೂ ಮೈದಾ ಅಳೆದವಳು ನಾನು. ಅಂಚಿಗೆ ಸರಿಯಾಗಿ ಬೆರಳಿನಿಂದ ಒರೆಸಿ, ಒಂದು ಕಣವೂ ಹೆಚ್ಚಾಗದ ಹಾಗೆ, ಬಹಳ ಹೆಮ್ಮೆಯಿಂದ ಅಳೆಯುತ್ತಿದ್ದೆ. ಮಾಸ್ತರು ಹೇಳಿದ್ದು ಭಾಯಿಯ ಪಾವ್. ನಾವು ಹಾಕಿದ್ದು ಅಮ್ಮನ ಪಾವು. ಹಿಟ್ಟೇ ಸಾಲದ ಮೇಲೆ ಆ ಕೇಕು ಯಾವುದರ ಮೇಲೆ ನಿಲ್ಲಬೇಕಿತ್ತು?

ನೆಲಕ್ಕೆ ಚೆಲ್ಲಿದ್ದರ ಬದಲಿಗೆ ಭಾಯಿ ಮೇಲೆ ಒಂದು ಹಿಡಿ ಹಾಕಿಕೊಟ್ಟರು. ಪೊಟ್ಟಣ ಎದೆಗವಚಿಕೊಂಡು ಓಡಿದೆ. ಅಕ್ಕನಿಗೆ ಹೇಳಿದಾಗ ಅವಳು ಮೊದಲು ಹಣೆ ಚಚ್ಚಿಕೊಂಡಳು, ಆಮೇಲೆ ಅಲ್ಲೇ ಒಲೆಯ ಮುಂದೆ ಕುಕ್ಕರಿಸಿದಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. "ಒಂದ್ ತಿಂಗ್ಳು ಕಣೇ" ಎಂದಳು, ಅಷ್ಟೇ. ಆ ಮಾತಿನಲ್ಲಿ ಎಷ್ಟು ಆಯಾಸವಿತ್ತೆಂದರೆ, ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಆಮೇಲೆ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು.

ಬೆಣ್ಣೆ ಸಕ್ಕರೆ ಉಜ್ಜಲು ಕೂತವಳು ಮುಕ್ಕಾಲು ಗಂಟೆ ಏಳಲಿಲ್ಲ. ಅವಳ ಕೈ ಸೋತಾಗ ನಾನು ಉಜ್ಜಿದೆ. ನನ್ನ ಕೈ ಸೋತಾಗ ಅವಳು. ಹಳದಿ ಬೆಣ್ಣೆ ನಿಧಾನವಾಗಿ ಬಿಳಿಯಾಗಿ, ಹಗುರಾಗಿ, ಅಂಗೈ ಎತ್ತಿದರೆ ನೊರೆಯಂತೆ ಅಂಟಿ ಬರುತ್ತಿತ್ತು. ಮೊಟ್ಟೆಯನ್ನು ಒಂದೊಂದಾಗಿ ಒಡೆದು ಸೇರಿಸಿದಳು. ಮೈದಾವನ್ನು ಮೂರು ಸಲ ಜರಡಿ ಹಿಡಿದು, ಕೊನೆಗೆ ಮೆಲ್ಲಗೆ, ಮಗುವಿನ ಮೈ ತೊಳೆಯುವ ಹಾಗೆ ಬೆರೆಸಿದಳು. ನಾನು ಗಮನಿಸಿದ್ದು ಅವಳ ಕೈಯನ್ನು. ಮೊದಲ ಭಾನುವಾರ ಹಿಟ್ಟು ನೋಡಿ ಹೆದರುತ್ತಿದ್ದ ಕೈ ಅದಲ್ಲ. ಎಷ್ಟು ಕೆಂಡ ಕೆಳಗೆ, ಎಷ್ಟು ಮೇಲೆ ಎಂದು ಅವಳು ಯೋಚಿಸಲೂ ಇಲ್ಲ, ಇಕ್ಕುಳ ತಾನಾಗಿ ಹೋಗಿ ಕೆಂಡ ಎತ್ತುತ್ತಿತ್ತು. ತಟ್ಟೆ ಮುಚ್ಚಿದ ಮೇಲೆ ಇಣುಕಬಾರದೆಂದು ನನ್ನನ್ನು ಹೊರಗೆ ಕಳಿಸಿದಳು. ನಾನು ಹೊಸಿಲ ಮೇಲೆ ಕೂತು ಗೂಡ್ಸ್ ಗಾಡಿಯ ಡಬ್ಬಿ ಎಣಿಸಿದೆ. ಮೂರು ಗೂಡ್ಸ್ ಹೋದವು.

ತೆಂಗಿನ ಕಡ್ಡಿ ಚುಚ್ಚಿ ನೋಡಿದಳು, ಒಣಗಿ ಬಂತು. ಡಬ್ಬಿ ಕೆಳಗಿಳಿಸಿದಳು. ಭಾನುವಾರದ ನಿದ್ದೆಯಲ್ಲಿದ್ದ ಅಪ್ಪನೂ ವಾಸನೆಗೆ ಎದ್ದು ಬಂದರು. ಮೂವರೂ ಸುತ್ತ ಕೂತು ಕೇಕನ್ನೇ ನೋಡಿದೆವು. ಅದು ಉಸಿರು ಬಿಡುತ್ತದೆ, ಈಗ ಬಿಡುತ್ತದೆ ಎಂದು ಕಾದೆವು. ಅಪ್ಪ ಎರಡು ಬೀಡಿ ಸೇದಿದರು. ಕೇಕು ಹಾಗೆಯೇ ಇತ್ತು.

ಮಧ್ಯಾಹ್ನ ಮೂರರ ಪ್ಯಾಸೆಂಜರ್ ಹತ್ತಿದೆವು. ಬಂಗಾರಪೇಟೆ ಕಡೆಯ ತರಕಾರಿ ಬುಟ್ಟಿ, ಹಾಲಿನ ಕ್ಯಾನು, ಕೋಳಿ, ಕಾಲಿಡಲು ಜಾಗವಿಲ್ಲ. ಪುಣ್ಯಕ್ಕೆ ಕಿಟಕಿ ಪಕ್ಕ ಸ್ವಲ್ಪ ಜಾಗ ಸಿಕ್ಕಿತು. ಅಪ್ಪನ ಬಿಳಿ ಟವೆಲಿನಲ್ಲಿ ಸುತ್ತಿದ ಕೇಕು ನನ್ನ ತೊಡೆಯ ಮೇಲೆ, ಇನ್ನೂ ಬೆಚ್ಚಗೆ. ಬೈಯಪ್ಪನಹಳ್ಳಿ ಬರುವ ಮೊದಲೇ ಅಕ್ಕನ ತಲೆ ನನ್ನ ಹೆಗಲಿಗೆ ಬಿತ್ತು. ಬಾಯಿ ತೆರೆದು ಮಲಗಿಬಿಟ್ಟಳು. ನನಗೂ ಕಣ್ಣು ಎಳೆಯುತ್ತಿತ್ತು. ಇಬ್ಬರೂ ಮಲಗಿದರೆ ಕೆಂಗೇರಿಗೋ ಮೈಸೂರಿಗೋ ಹೋಗಿಬಿಡುತ್ತೇವೆಂದು ಹೆದರಿ ತುಟಿ ಕಚ್ಚಿಕೊಂಡು ಕೂತೆ. ಯಾರ ಮೊಣಕೈ ಬಂದರೂ ಕೇಕಿನ ಮೇಲೆ ಬಗ್ಗಿ ನನ್ನ ಬೆನ್ನು ಕೊಡುತ್ತಿದ್ದೆ. ಕಂಟೋನ್ಮೆಂಟ್ ಬಂದಾಗ ಅವಳನ್ನು ಚಿವುಟಿ ಎಬ್ಬಿಸಬೇಕಾಯಿತು.

ಬೇಕರಿಯ ಒಳಗೆ ಕತ್ತಲು, ಬಿಸಿ, ಬ್ರೆಡ್ಡಿನ ವಾಸನೆ. ಮಾಸ್ತರು ಟವೆಲು ಬಿಚ್ಚಿ ಕೇಕನ್ನು ಬೆರಳಿನಿಂದ ಒತ್ತಿದರು, ಅದು ಮತ್ತೆ ಎದ್ದು ಬಂತು. ತಿರುಗಿಸಿ ತಳ ನೋಡಿದರು. ದಾರ ಹಿಡಿದು ನಡುವೆ ಕತ್ತರಿಸಿ, ಒಂದು ಚೂರು ಮೂಗಿನ ಹತ್ತಿರ ಹಿಡಿದು, ಆಮೇಲೆ ಬಾಯಿಗೆ ಹಾಕಿಕೊಂಡರು. ಅಕ್ಕ ನನ್ನ ಕೈ ಹಿಡಿದಿದ್ದಳು. ಎಷ್ಟು ಬಿಗಿ ಹಿಡಿದಿದ್ದಳೆಂದರೆ ಬೆರಳು ನೋಯುತ್ತಿತ್ತು.

"ಇದಕ್ಕೆ ಮುಂಚೆ ಎಷ್ಟು ಮಾಡ್ದೆ?"

"ನಾಲ್ಕು. ನಾಲ್ಕೂ ಕುಸ್ದೋಯ್ತು" ಎಂದು ಅಕ್ಕ ಸತ್ಯವನ್ನೇ ಹೇಳಿದಳು. ಪಾವಿನ ಕಥೆಯನ್ನೂ ಹೇಳಿದಳು. ಮಾಸ್ತರು ನಗುತ್ತಾ ನಗುತ್ತಾ ಮೈದಾ ಮೂಟೆಯ ಮೇಲೆ ಕೂತುಬಿಟ್ಟರು. ಭಟ್ಟಿಯ ಹತ್ತಿರ ಇದ್ದವರನ್ನೆಲ್ಲ ಕರೆದು ಮತ್ತೆ ಹೇಳಿಸಿದರು. ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಆಮೇಲೆ ಅವರು ಕಣ್ಣು ಒರೆಸಿಕೊಂಡು ಅಕ್ಕನ ಅಂಗೈ ಹಿಡಿದು ನೋಡಿದರು. "ಅಳತೆ ತಪ್ಪಿತ್ತು, ಕೈ ತಪ್ಪಿಲ್ಲ. ಅಳತೆ ನಾನು ಒಂದು ದಿನ್ದಲ್ಲಿ ಹೇಳ್ಕೊಡ್ತೀನಿ. ಕೈಯಿ ಹೇಳ್ಕೊಡಕ್ಕಾಗಲ್ಲ ಮಾ. ನಾಳೆಯಿಂದ ಬಾ."

ಮನೆಗೆ ಬಂದಾಗ ಅಪ್ಪ ಬಿಸಿನೀರಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಅಕ್ಕ ಉಳಿದಿದ್ದ ಅರ್ಧ ಕೇಕಿನಲ್ಲಿ ಒಂದು ಚೂರು ಅವರ ಕೈಗೆ ಕೊಟ್ಟಳು. ಅವರು ನಿಧಾನವಾಗಿ ತಿಂದರು. ಬಿದ್ದ ಪುಡಿಯನ್ನೂ ಬೆರಳಿಗೆ ಅಂಟಿಸಿಕೊಂಡು ತಿಂದರು. ಕಾಲು ಒರೆಸಿಕೊಂಡು, "ಬೆಳಿಗ್ಗೆ ಎಷ್ಟೊತ್ತಿನ ಗಾಡಿಗೆ ಹೋಗ್ಬೇಕು?" ಎಂದು ಕೇಳಿದರು. ಆಮೇಲೆ ಅಂಗಿ ತೊಟ್ಟು ಅತ್ತೆಯ ಮನೆಗೆ ಹೇಳಿಬರಲು ಹೊರಟರು. ಅಕ್ಕ ಗೋಡೆ ಕಡೆ ತಿರುಗಿ ಅತ್ತಳು. ನಾನೂ ಅತ್ತೆ.

ಅಕ್ಕ ಕೇಳಿದ್ದು ಒಂದು ವರ್ಷ, ತೆಗೆದುಕೊಂಡದ್ದು ಆರು. ಆಮೇಲೆ ತನಗೆ ಹಿಡಿಸಿದವರನ್ನು ಮದುವೆಯಾಗಿ, ಮದುವೆಯ ಮೇಲೂ ಕೇಕಿನ ಮೇಜಿನ ಮುಂದೆ ನಿಂತೇ ಇದ್ದಳು. ಅವಳಿಗೆ ಸುಸ್ತು ಹೋಯಿತು ಎಂದು ನಾನು ನಿಮಗೆ ಸುಳ್ಳು ಹೇಳುವುದಿಲ್ಲ. ಕಾಲು ಊದುತ್ತಿತ್ತು, ರಟ್ಟೆ ರಾತ್ರಿಯೆಲ್ಲ ನೋಯುತ್ತಿತ್ತು. "ಇದು ನಾನು ಕೇಳಿ ತಗೊಂಡ ಸುಸ್ತು ಕಣೇ" ಎನ್ನುತ್ತಿದ್ದಳು.

ಈಗ ರಾಮಮೂರ್ತಿ ನಗರದ ಈ ಮೂರನೇ ಮಹಡಿಯಲ್ಲಿ ನೀವಿಬ್ಬರೂ ಕೇಕು ಮಾಡುವುದನ್ನು ನಾನು ಕುರ್ಚಿಯಲ್ಲಿ ಕೂತು ನೋಡುತ್ತೇನೆ. ಗಾಜಿನ ತಟ್ಟೆಯಂಥ ನಿಮ್ಮ ತಕ್ಕಡಿ ಒಂದೊಂದು ಗ್ರಾಮನ್ನೂ ಬೆಳಕಿನ ಅಂಕಿಯಲ್ಲಿ ಬರೆದು ತೋರಿಸುತ್ತದೆ. ಫೋನಿನಲ್ಲಿ ಯಾರೋ ಒಬ್ಬರು ಎಷ್ಟು ಸಲ ಕೇಳಿದರೂ ಬೇಸರವಿಲ್ಲದೆ ಹೇಳಿಕೊಡುತ್ತಾರೆ. ಬೆಣ್ಣೆ ಉಜ್ಜುವುದಕ್ಕೆ ಮಿಷನ್ನು, ಬೆಂದಾಗ ಕೂಗಿ ಹೇಳುವುದಕ್ಕೆ ಅವನ್. ನನಗೆ ಹೊಟ್ಟೆಕಿಚ್ಚಾಗುತ್ತದೆಯೇ ಎಂದರೆ, ಆ ಮಿಷನ್ನು ನೋಡಿದಾಗ ಸ್ವಲ್ಪ ಆಗುತ್ತದೆ.

ಇಷ್ಟಿದ್ದೂ ಕಳೆದ ಭಾನುವಾರ ನಿಮ್ಮ ಕೇಕು ಕುಸಿಯಿತು. ಮೂರನೆಯ ಸಲ. ನೀವು ಅತ್ತಿರಿ, ಒಬ್ಬರ ಮೇಲೊಬ್ಬರು ತಪ್ಪು ಹೊರಿಸಿದಿರಿ, ಬಾಗಿಲು ದಢಾರನೆ ಹಾಕಿಕೊಂಡಿರಿ. ನಾನು ನಗುತ್ತಿದ್ದದ್ದನ್ನು ಕಂಡು ನಿಮಗೆ ಇನ್ನೂ ಸಿಟ್ಟು ಬಂತು. ಅಜ್ಜಿಗೆ ನಮ್ಮ ಕಷ್ಟ ತಮಾಷೆ ಎಂದಿರಿ. ತಮಾಷೆಯಲ್ಲ, ಕಂದಗಳಾ. ಸೋಮವಾರ ಬೆಳಗ್ಗೆ ನೀವಿಬ್ಬರೂ ಬ್ಯಾಗು ಹಾಕಿಕೊಂಡು, ಜಗಳವನ್ನೂ ಮರೆತು, ಸ್ಕೂಲ್ ಬಸ್ಸಿಗೆ ಓಡಿದಿರಿ. ಮಂಗಳವಾರ ನಮ್ಮ ಮನೆಗೆ ಯಾರೂ ಹೆಣ್ಣು ನೋಡಲು ಬರಲಿಲ್ಲ. ಕುಸಿದದ್ದು ಕೇಕು ಮಾತ್ರ.